ದೀಪ ಕಾಯುವ ಸರದಿ

ನಮ್ಮ ಗುಬ್ಬಿ ನಿದ್ದೆ ಹೋಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಹೋಟೆಲಿನವರು ಬರೆದ ಕಾಗದದ ಮೊದಲ ಸಾಲೇ ಅದು: ‘ಸರದಿಯಲ್ಲಿದ್ದ ಕೆಲಸಗಾರ್ತಿ ನಿದ್ರಿಸುತ್ತಿದ್ದಳು.’ ಇಸ್ತ್ರಿ ಉರುಳೆ ತಿರುಗುವ ಕೋಣೆಯಲ್ಲಿ ನಿಂತವಳಿಗೆ ನಿದ್ದೆ ಬರುತ್ತದೆಯೇ? ಬರೆದವನು ಒಂದು ದಿನ ಬಂದು ನಿಲ್ಲಲಿ. ಆ ಉರುಳೆ ಹಾಸಿಗೆಯ ಚಾದರವನ್ನು ಒಳಗೆಳೆದುಕೊಂಡು, ಕಾಯಿಸಿ, ಒತ್ತಿ, ಆಚೆ ಬದಿಗೆ ಉಗುಳುತ್ತದೆ. ಚಾದರ ಕೊಡುವ ಕೈ ಸ್ವಲ್ಪ ತಡವಾಗಿ ಹಿಂದೆ ಬಂದರೆ ಬೆರಳಿನ ಚರ್ಮವೂ ಚಾದರದ ಜೊತೆ ಹೋಗುತ್ತದೆ. ನಮ್ಮ ಆರು ಜನರಲ್ಲಿ ಬೆರಳು ಸುಡದವಳು ಒಬ್ಬಳೂ ಇಲ್ಲ.

ನಾವು ಆರು ಜನ. ಆರಕ್ಕೆ ಆರೂ ಜನಕ್ಕೆ ಕಿವಿ ಕೇಳಿಸದು. ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಮೇಲೆ ಮಲಗಿ ಎದ್ದು ಹೋದವರ ಚಾದರ, ದಿಂಬಿನ ಗವಸು, ಟವೆಲ್ಲುಗಳನ್ನು ಇಸ್ತ್ರಿ ಮಾಡಿ ಮಡಚುತ್ತೇವೆ. ಮೇಲಿನ ಹಜಾರದಲ್ಲಿ ನಮ್ಮ ಫೋಟೋ ಇದೆ. ಚಿನ್ನದ ಬಣ್ಣದ ಚೌಕಟ್ಟು. ಕೆಳಗೆ ‘ಮೌನದ ಕೈಗಳು, ನಗುವ ಮನಗಳು’ ಎಂದು ಬರೆಸಿದ್ದಾರೆ. ನಮ್ಮನ್ನು ಮುಂಬಾಗಿಲಿನಿಂದ ಒಳಗೆ ಬಿಟ್ಟದ್ದು ಆ ಫೋಟೋ ತೆಗೆದ ದಿನ ಮಾತ್ರ. ಹಲ್ಲು ಕಾಣುವ ಹಾಗೆ ನಗಿ ಎಂದು ಮ್ಯಾನೇಜರ್ ತನ್ನ ಹಲ್ಲು ತೋರಿಸಿ ಹೇಳಿಕೊಟ್ಟ.

ಆರು ಜನರಲ್ಲಿ ಬಾಯಿಂದ ಮಾತಾಡುವವಳು ನಾನೊಬ್ಬಳೇ. ಒಂಬತ್ತನೇ ವಯಸ್ಸಿನವರೆಗೆ ನನಗೆ ಕಿವಿ ಇತ್ತು. ಆಮೇಲೆ ಜ್ವರ ಬಂದು ಹೋಯಿತು, ಹೋಗುವಾಗ ಕಿವಿಯನ್ನೂ ಕರೆದುಕೊಂಡು ಹೋಯಿತು. ಮಾತು ಉಳಿಯಿತು. ಈಗ ನನ್ನ ದನಿ ಹೇಗಿದೆಯೋ ನನಗೆ ಗೊತ್ತಿಲ್ಲ. ಕೇಳುವವರು ಮುಖ ಎಷ್ಟು ಹಿಂಡುತ್ತಾರೆ ಎಂಬುದರ ಮೇಲೆ ಅಂದಾಜು ಮಾಡುತ್ತೇನೆ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತೇನೆ. ಅದಕ್ಕೇ ನನಗೆ ‘ಲಾಯರಮ್ಮ’ ಎಂದು ಹೆಸರಿಟ್ಟಿದ್ದಾರೆ. ಗುಬ್ಬಿ ನನ್ನ ಚಿಕ್ಕಮ್ಮನ ಮಗಳು. ಹುಟ್ಟಿದಾಗಿನಿಂದ ಅವಳಿಗೆ ಕೇಳಿಸದು. ಕೈಮಾತು ನಾವಿಬ್ಬರೂ ಒಟ್ಟಿಗೆ ಕಲಿತದ್ದು. ಈ ಕೆಲಸಕ್ಕೆ ಸೇರಿಸಿದವಳೂ ನಾನೇ.

ನಮ್ಮ ಕೋಣೆಯ ಗೋಡೆಯ ಮೇಲೆ ಒಂದು ದೀಪವಿದೆ. ಕೆಂಪು ಡಬ್ಬಿ, ಬಿಳಿ ಗಾಜು, ಅಂಗೈ ಅಗಲ. ಬೆಂಕಿ ಬಿದ್ದರೆ ಕಟ್ಟಡದ ತುಂಬ ಹಾರನ್ ಕೂಗುತ್ತದೆ, ಈ ದೀಪ ಮಿಂಚುತ್ತದೆ. ಹಾರನ್ ಅವರಿಗೆ, ದೀಪ ನಮಗೆ. ಕೆಲಸಕ್ಕೆ ಸೇರಿದ ದಿನ ಸೂಪರ್‌ವೈಸರ್ ಒಂದು ಸಲ ಮಿಂಚಿಸಿ ತೋರಿಸಿದ್ದ. ಬಿಳೀ ಬೆಳಕು ಮುಖಕ್ಕೆ ರಾಚಿತು. “ಇದು ಮಿಂಚಿದ್ರೆ ಓಡಿ. ಮಿಂಚದೆ ಕೆಲಸ ಬಿಟ್ಟು ಆಚೆ ಕಾಲಿಟ್ರೆ ಮೆಮೊ” ಎಂದ.

ತೊಂದರೆ ಏನೆಂದರೆ, ಉರುಳೆಗೆ ಚಾದರ ಕೊಡುವವರ ಬೆನ್ನು ಆ ಗೋಡೆಗೆ. ಮಡಚುವವರ ಕಣ್ಣು ಮಡಿಕೆಯ ಮೇಲೆ. ದೀಪ ಮಿಂಚಿದರೂ ಯಾರೂ ನೋಡದೆ ಹೋಗಬಹುದು. ಅದಕ್ಕೆ ನಾವೇ ಒಂದು ಕ್ರಮ ಮಾಡಿಕೊಂಡೆವು. ಒಬ್ಬಳು ಮೇಜಿನ ಆಚೆ ತುದಿಯಲ್ಲಿ, ದೀಪಕ್ಕೆ ಮುಖ ಮಾಡಿ ನಿಲ್ಲಬೇಕು. ಅವಳಿಗೆ ದಿಂಬಿನ ಗವಸು, ಏಕೆಂದರೆ ಅದನ್ನು ನೋಡದೆಯೂ ಮಡಚಬಹುದು. ಒಂದು ಗಂಟೆ. ಆಮೇಲೆ ಹೆಗಲು ಮುಟ್ಟಿ ಇನ್ನೊಬ್ಬಳಿಗೆ ಬಿಟ್ಟುಕೊಡಬೇಕು. ಇದೇ ದೀಪ ಕಾಯುವ ಸರದಿ. ಸರದಿಯಲ್ಲಿದ್ದವಳ ಜೊತೆ ಯಾರೂ ಮಾತಾಡಕೂಡದು. ನಮ್ಮ ಮಾತು ಕೈಯಲ್ಲಿರುತ್ತದೆ, ಕೈ ನೋಡಿದರೆ ದೀಪ ತಪ್ಪುತ್ತದೆ. ಹಾಗಾಗಿ ದಿನಕ್ಕೊಂದು ಗಂಟೆ ಒಬ್ಬೊಬ್ಬಳೂ ಊರೆಲ್ಲ ಬಿಟ್ಟವಳ ಹಾಗೆ ಒಂಟಿಯಾಗಿ ನಿಲ್ಲುತ್ತಿದ್ದಳು. ಇದನ್ನು ನಮಗೆ ಯಾರೂ ಹೇಳಿಕೊಟ್ಟದ್ದಲ್ಲ. ಸೂಪರ್‌ವೈಸರನಿಗೆ ಇದು ಮೈಗಳ್ಳತನವಾಗಿ ಕಾಣುತ್ತಿತ್ತು. “ಗೋಡೆ ನೋಡ್ಕೊಂಡು ಏನು ಧ್ಯಾನಾನಾ?” ಎನ್ನುತ್ತಿದ್ದ.

ಬೆಂಕಿ ಬಿದ್ದ ದಿನ ಸರದಿ ಗುಬ್ಬಿಯದು.

ಪಕ್ಕದ ಕೋಣೆಯಲ್ಲಿ ಬಟ್ಟೆ ಒಣಗಿಸುವ ದೊಡ್ಡ ಯಂತ್ರಗಳಿವೆ. ಅವುಗಳ ಕೊಳವೆಯಲ್ಲಿ ನೂಲಿನ ಧೂಳು ತುಂಬಿಕೊಳ್ಳುತ್ತದೆ. ಅದನ್ನು ವಾರಕ್ಕೊಮ್ಮೆ ತೆಗೆಯಬೇಕು. ತೆಗೆದಿರಲಿಲ್ಲ. ಅದಕ್ಕೆ ಕಿಡಿ ಹತ್ತಿತು. ಹಾರನ್ ಕೂಗಿತು. ಒಣಗಿಸುವ ಕೋಣೆಯ ಗಂಡಸರು ನಮ್ಮ ಬಾಗಿಲ ಮುಂದೆಯೇ ಓಡಿ ಹೋದರು. ಅಡುಗೆಯವರು, ಸಾಮಾನು ಹೊರುವವರು, ಮೇಲಿನ ಮುನ್ನೂರು ಅತಿಥಿಗಳು ಎಲ್ಲ ಹೊರಗೆ ಹೋದರು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ನಾವು ಚಾದರ ಮಡಚುತ್ತಿದ್ದೆವು.

ಮೊದಲು ವಾಸನೆ ಹಿಡಿದವಳು ದೊಡ್ಡಕ್ಕ. ನಮ್ಮಲ್ಲಿ ಹಿರಿಯಳು ಅವಳೇ. ಚಾದರ ಕರಕಲಾಯಿತೇನೋ ಎಂದು ಉರುಳೆ ನಿಲ್ಲಿಸಿದಳು. ಚಾದರ ಬೆಳ್ಳಗಿತ್ತು. ನಾವು ಗುಬ್ಬಿಯ ಕಡೆ ನೋಡಿದೆವು. ಗುಬ್ಬಿ ದೀಪದ ಕಡೆ ನೋಡುತ್ತಿದ್ದಳು. ದೀಪ ಸುಮ್ಮನಿತ್ತು. ಸರಿ, ಏನೂ ಇಲ್ಲ ಎಂದು ದೊಡ್ಡಕ್ಕ ಮತ್ತೆ ಉರುಳೆ ಹಾಕಿದಳು. ಯೋಚಿಸಿ ನೋಡಿ. ಮೂಗು ಬೆಂಕಿ ಎಂದಿತು, ನಾವು ದೀಪವನ್ನು ನಂಬಿದೆವು. ಮತ್ತೆ ಐದಾರು ನಿಮಿಷ ಕೆಲಸ ಮಾಡಿದೆವು.

ಆಮೇಲೆ ಗಾಳಿಕಿಂಡಿಯಿಂದ ಹೊಗೆ ಇಳಿಯಿತು. ಕಪ್ಪು ಹೊಗೆ. ಬಾಗಿಲು ತೆರೆದರೆ ದಾರಿಯಲ್ಲಿ ನರಪಿಳ್ಳೆ ಇಲ್ಲ. ಕೈ ಕೈ ಹಿಡಿದುಕೊಂಡು ಮೆಟ್ಟಿಲಿನ ಕಡೆಗೆ ಹೋದೆವು. ಹೊಗೆಯಲ್ಲಿ ಕೈಮಾತೂ ಕಾಣುವುದಿಲ್ಲ. ಕೈ ಹಿಡಿದರೆ ಮಾತಿಲ್ಲ, ಮಾತಾಡಿದರೆ ಕೈ ತಪ್ಪುತ್ತದೆ. ಗುಬ್ಬಿಯ ಉಗುರು ನನ್ನ ಮುಂಗೈಯಲ್ಲಿ ಊರಿ ರಕ್ತ ಬಂದಿತ್ತು. ದೊಡ್ಡಕ್ಕ ಉರುಳೆ ಆರಿಸಲು ಹಿಂದೆ ಹೋಗಿದ್ದಳು. ಅವಳ ಎದೆಗೆ ಸೇರಿದ ಹೊಗೆ ಇವತ್ತಿಗೂ ಪೂರ್ತಿ ಹೊರಗೆ ಬಂದಿಲ್ಲ.

ಹಿತ್ತಲ ಅಂಗಳಕ್ಕೆ ಬಂದು ಬಿದ್ದಾಗ ಎಲ್ಲರೂ ಸಾಲಾಗಿ ನಿಂತಿದ್ದರು. ಸೂಪರ್‌ವೈಸರ್ ಕೈಯಲ್ಲಿ ಹಾಜರಿ ಪಟ್ಟಿ. ನಮ್ಮನ್ನು ನೋಡಿ ಅವನ ಬಾಯಿ ತೆರೆದುಕೊಂಡಿತು. ನಾನು ಪಟ್ಟಿ ಕಿತ್ತುಕೊಂಡು ನೋಡಿದೆ. ನಮ್ಮ ಆರೂ ಜನರ ಮುಂದೆ ‘ಹೊರಗೆ ಬಂದಿದ್ದಾರೆ’ ಎಂದು ಗುರುತು ಹಾಕಿತ್ತು.

“ಇದೇನು?” ಎಂದೆ.

“ಹೆಸರು ಕೂಗಿದೆ. ನೀವು ಯಾವತ್ತು ತಾನೇ ಓ ಅಂತೀರಿ? ಬಂದಿರ್ತೀರಿ ಅಂತ ಹಾಕ್ದೆ” ಎಂದ.

ಒಣಗಿಸುವ ಕೋಣೆಯವನೊಬ್ಬ ಮಧ್ಯೆ ಬಾಯಿ ಹಾಕಿದ. “ನಾನು ನಿಮ್ಮ ಬಾಗಿಲು ಬಡಿದೆನಲ್ಲ! ಜೋರಾಗಿ ಬಡಿದೆ!” ಎಂದು ಮುಷ್ಟಿ ಆಡಿಸಿ ತೋರಿಸಿದ. ಅವನಿಗೆ ಏನು ಹೇಳಲಿ? ನಗಬೇಕೋ ಅವನ ಕೆನ್ನೆಗೆ ಬಿಡಬೇಕೋ ತಿಳಿಯಲಿಲ್ಲ. ಕೆಮ್ಮುತ್ತಾ ನೆಲದ ಮೇಲೆ ಕುಳಿತೆ.

ಮಾರನೇ ದಿನ ಮ್ಯಾನೇಜರ್ ನಮ್ಮನ್ನು ಕರೆಸಿದ. ಹೇಗಿದ್ದೀರಿ ಎಂದು ಕೇಳಲು ಎಂದುಕೊಂಡೆವು. ಎಂಥ ಪೆದ್ದರು ನಾವು.

“ದೀಪ ಸರಿಯಾಗೇ ಮಿಂಚಿದೆ. ತಿಂಗಳು ತಿಂಗಳು ಚೆಕ್ ಮಾಡಿರೋ ರಿಜಿಸ್ಟರ್ ಇದೆ. ಸರದಿಯಲ್ಲಿ ಯಾರಿದ್ರು?” ಎಂದ.

ನಾನು ಬಾಯಿ ತೆರೆಯುವ ಮೊದಲೇ ಸೂಪರ್‌ವೈಸರ್ ಗುಬ್ಬಿಯ ಕಡೆ ಬೆರಳು ಮಾಡಿದ. ಅಷ್ಟು ದಿನ ಧ್ಯಾನ ಎಂದು ಆಡಿಕೊಂಡವನಿಗೆ ಆವತ್ತು ನಮ್ಮ ಸರದಿಯ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಅಗ್ನಿಶಾಮಕ ದಳದಿಂದ ಅಧಿಕಾರಿ ವಿಚಾರಣೆಗೆ ಬರುತ್ತಾರೆ, ಅಷ್ಟರಲ್ಲಿ ಗುಬ್ಬಿ ನಿದ್ದೆ ಹೋಗಿದ್ದೆ ಎಂಬ ತಪ್ಪೊಪ್ಪಿಗೆಗೆ ಸಹಿ ಮಾಡಿ ಕೆಲಸ ಬಿಡಬೇಕು. ಮಾಡಿದರೆ ಉಳಿದ ಐವರ ಕೆಲಸ ಇರುತ್ತದೆ. ಇಲ್ಲವಾದರೆ ಇಂಥವರನ್ನು ನೆಲಮಾಳಿಗೆಯಲ್ಲಿ ಇಡುವುದೇ ಅಪಾಯ ಎಂದು ಬರೆಯಬೇಕಾಗುತ್ತದೆ. ಮ್ಯಾನೇಜರ್ ಇದನ್ನೆಲ್ಲ ನಿಧಾನವಾಗಿ, ತುಟಿ ಅಗಲಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದ. ನಾನು ಗುಬ್ಬಿಗೆ ಕೈಯಲ್ಲಿ ಹೇಳಿದೆ. ಅವಳು ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆ ತಗ್ಗಿಸಿದಳು.

ಮನೆಯಲ್ಲಿ ಅವಳ ಹಿಂಸೆ ನೋಡಲಾಗುತ್ತಿರಲಿಲ್ಲ. ನಾವು ಚಿಕ್ಕಮ್ಮನ ಜೊತೆಗೇ ಇರುವುದು, ಎರಡು ಕೋಣೆಯ ಮನೆ. ಗುಬ್ಬಿ ಗೋಡೆಗೆ ಒರಗಿ ಕುಳಿತು ನನಗೆ ಸನ್ನೆ ಮಾಡಿದಳು: ಅಕ್ಕ, ಬಲ್ಬು ಹಾಕು. ಹಾಕಿದೆ. ಆರಿಸು. ಆರಿಸಿದೆ. ನಾನು ಹಾಕಿದಾಗಲೆಲ್ಲ ಅವಳು ಬೆರಳೆತ್ತುತ್ತಿದ್ದಳು. ಇನ್ನೂ ಬೇಗ ಎಂದಳು. ಹಾಕಿದೆ, ಆರಿಸಿದೆ, ಹಾಕಿದೆ. ಆಮೇಲೆ ಒಂದು ಕಣ್ಣು ಮುಚ್ಚಿಕೊಂಡು ಮತ್ತೆ. ಇನ್ನೊಂದು ಕಣ್ಣು ಮುಚ್ಚಿಕೊಂಡು ಮತ್ತೆ.

‘ದೀಪ ಮಿಂಚಿದೆ ಅಂತಾರೆ. ನಾನು ನೋಡ್ತಾನೇ ಇದ್ದೆ. ನನಗೆ ಕಾಣಲಿಲ್ಲ. ಹಾಗಾದ್ರೆ ನನ್ನ ಕಣ್ಣು ಹೋಗ್ತಿದೆ ಅಕ್ಕ’ ಎಂದವು ಅವಳ ಕೈಗಳು.

ನಿದ್ದೆ ಮಾಡಿದೆ ಎಂದು ಅವಳು ಒಪ್ಪಿಕೊಂಡಿರಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ನಂಬಿಕೊಂಡಿದ್ದಳು. ಕಿವಿಯಿಲ್ಲದವಳಿಗೆ ಕಣ್ಣೂ ಹೋದರೆ ಏನು ಉಳಿಯುತ್ತದೆ? ಕೈಮಾತೂ ಹೋಗುತ್ತದೆ. ಅವಳ ಪಾಲಿಗೆ ನಾನೂ ಹೋಗುತ್ತೇನೆ.

ಚಿಕ್ಕಮ್ಮ ಸ್ವಿಚ್ಚಿನ ಹತ್ತಿರ ಬಂದು ನನ್ನ ಕೈ ಹಿಡಿದಳು. “ಸಾಕು ಬಿಡೆ, ಬಲ್ಬು ಸುಟ್ಟು ಹೋಗುತ್ತೆ. ಅವಳು ಸಹಿ ಮಾಡ್ಲಿ. ದೊಡ್ಡವ್ರ ಜೊತೆ ನಮಗೇನು ಗುದ್ದಾಟ? ನಿನ್ನ ಕೆಲ್ಸನಾದ್ರೂ ಉಳೀಲಿ.”

“ಇವಳ ಕಣ್ಣು ಚೆನ್ನಾಗಿದೆ ಚಿಕ್ಕಮ್ಮ.”

“ಅದು ನಿನಗೆ ಗೊತ್ತು, ನನಗೆ ಗೊತ್ತು. ಅವಳಿಗೆ ಹೇಗೆ ಹೇಳ್ತೀಯ?” ಎಂದಳು ಚಿಕ್ಕಮ್ಮ.

ನಾನು ತಂತಿಯಣ್ಣನನ್ನು ಹುಡುಕಿಕೊಂಡು ಹೋದೆ. ಹೋಟೆಲಿನ ಎಲೆಕ್ಟ್ರಿಷಿಯನ್, ತಲೆ ಬೆಳ್ಳಗಾದವನು. ಅವನಿಗೆ ದಪ್ಪ ಮೀಸೆ, ಮೇಲ್ದುಟಿ ಕಾಣುವುದಿಲ್ಲ. ನನ್ನ ಜೊತೆ ಮಾತಾಡುವಾಗ ಮೀಸೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತಾನೆ. ಆ ಹೋಟೆಲಿನಲ್ಲಿ ನನಗಾಗಿ ಇಷ್ಟು ತೊಂದರೆ ತೆಗೆದುಕೊಳ್ಳುವವನು ಅವನೊಬ್ಬನೇ. ಅವತ್ತು ಮೀಸೆ ಎತ್ತಲಿಲ್ಲ. ಮುಖವನ್ನೇ ತಿರುಗಿಸಿಕೊಂಡ. ಆಗಲೇ ನನಗೆ ಗೊತ್ತಾಯಿತು.

“ಮೀಸೆ ಎತ್ತು” ಎಂದೆ. ದನಿ ಜೋರಾಗಿತ್ತೇನೋ, ಬೆಚ್ಚಿದ.

ಅಲಾರಂ ಪ್ಯಾನೆಲ್ ಇರುವ ಕೋಣೆಯೊಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. ಗೋಡೆಯ ಮೇಲೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಸಾಲು ಸಾಲು ಗುಂಡಿ.

“ಇಲ್ಲಿಂದ ಎರಡು ಲೈನ್ ಹೋಗುತ್ತೆ ಕಣಮ್ಮ. ಒಂದು ಹಾರನ್ನಿಂದು, ಒಂದು ದೀಪದ್ದು. ಈ ಗುಂಡಿ ಒತ್ತಿದ್ರೆ ಹಾರನ್ ಸುಮ್ನಾಗುತ್ತೆ. ದೀಪ ಆಗಲ್ಲ. ಹೊಗೆ ಹೋಗಿ, ಎಲ್ಲ ಸರಿಯಾಗಿ, ರೀಸೆಟ್ ಮಾಡೋವರೆಗೂ ಮಿಂಚ್ತಾನೇ ಇರುತ್ತೆ. ಹಾಗೇ ಇರ್ಬೇಕು. ನಿಮ್ಮಂಥವರಿಗೋಸ್ಕರಾನೇ ಹಾಗೆ ಮಾಡಿರೋದು.”

“ಮತ್ತೆ?”

“ಹನ್ನೊಂದು ತಿಂಗಳ ಹಿಂದೆ ಮೇಲಿನ ಹಾಲಲ್ಲಿ ಯಾವುದೋ ಕಂಪನಿ ಪಾರ್ಟಿ. ಸ್ಟೇಜಿಗೆ ಅಂತ ಹೊಗೆ ಬಿಟ್ರು. ಅಲಾರಂ ಆಯ್ತು. ಹಾರನ್ ನಾನು ಅರ್ಧ ನಿಮಿಷದಲ್ಲಿ ನಿಲ್ಲಿಸ್ದೆ. ದೀಪ ನಿಲ್ಲಲಿಲ್ಲ. ಹತ್ತು ನಿಮಿಷ ಮಿಂಚ್ತು, ದೊಡ್ಡವರ ಭಾಷಣ ನಡೀತಿರುವಾಗಲೇ. ಮ್ಯಾನೇಜರ್‌ಗೆ ಮುಖ ಎತ್ತೋಕಾಗಲಿಲ್ಲ. ಮಾರನೇ ದಿನ ದೀಪದ ಲೈನ್ ತೆಗಿ ಅಂದ್ರು.”

“ಅದು ಮೇಲಿನ ಹಾಲಿನ ದೀಪ. ನಮ್ಮದಲ್ಲ.”

“ಎರಡೂ ಒಂದೇ ಲೈನು.”

ಅವನು ಮೀಸೆ ಬಿಟ್ಟು ಬೆವರು ಒರೆಸಿಕೊಂಡು ಮತ್ತೆ ಮೀಸೆ ಹಿಡಿದ.

“ನಾನು ಹೇಳ್ದೆ. ಕೆಳಗೆ ಆರು ಜನ ಇದಾರೆ ಸಾರ್ ಅಂದೆ. ‘ಆರೇ ಜನ ತಾನೇ, ಯಾರಾದ್ರೂ ಹೋಗಿ ಕರ್ಕೊಂಡು ಬರ್ತಾರೆ’ ಅಂದ್ರು.”

“ಯಾರು?”

“ಯಾರಾದ್ರೂ.”

ಯಾರಾದರೂ ಎಂಬ ಹೆಸರಿನವನು ಆ ಹೋಟೆಲಿನಲ್ಲಿ ಕೆಲಸಕ್ಕಿಲ್ಲ. ಹೊಗೆಯ ದಿನ ನಾನು ನೋಡಿದ್ದೇನೆ, ಅವನು ಬರಲಿಲ್ಲ.

ಪ್ಯಾನೆಲ್ಲಿನ ಮೂಲೆಯಲ್ಲಿ ಒಂದು ಕಡೆ ಕಪ್ಪು ಟೇಪು ಅಂಟಿಸಿತ್ತು. ನಾನು ಉಗುರಿನಿಂದ ಎಬ್ಬಿಸಿದೆ. ಕೆಳಗೆ ಹಳದಿ ದೀಪ ಉರಿಯುತ್ತಿತ್ತು. ಲೈನ್ ತೆಗೆದಿದೆ ಎಂದು ಯಂತ್ರವೇ ಹನ್ನೊಂದು ತಿಂಗಳಿನಿಂದ ಹೇಳುತ್ತಿತ್ತು. ಅದರ ಬಾಯಿಗೆ ಟೇಪು ಹಾಕಿದ್ದರು.

ಹನ್ನೊಂದು ತಿಂಗಳು. ಸತ್ತ ದೀಪದ ಮುಂದೆ ಒಬ್ಬೊಬ್ಬಳೂ ಮಾತು ಬಿಟ್ಟು, ರೆಪ್ಪೆ ಬಡಿಯಲೂ ಹೆದರಿ ನಿಂತಿದ್ದೆವು. ಬಸುರಿಯಾಗಿದ್ದ ಒಬ್ಬಳು ಎಂಟನೇ ತಿಂಗಳವರೆಗೂ ಸರದಿ ತಪ್ಪಿಸಲಿಲ್ಲ. ನನಗೆ ಆ ಪೆಟ್ಟಿಗೆಯನ್ನು ಒದೆಯಬೇಕೆನಿಸಿತು. ಒದ್ದೆ. ಕಾಲು ನೋಯಿತು.

“ವಿಚಾರಣೆಯಲ್ಲಿ ಬಂದು ಹೇಳು.”

“ಎರಡು ವರ್ಷ ಇದೆ ನನಗೆ ರಿಟೈರ್ ಆಗೋಕೆ. ನನ್ನ ಹೆಸರು ಎತ್ತಬೇಡಮ್ಮ.”

“ದೀಪ ಸರಿಯಿದೆ ಅಂತ ತಿಂಗಳು ತಿಂಗಳು ಸಹಿ ಹಾಕಿದವನು ನೀನೇ ಅಲ್ವಾ?”

ಅವನು ಮೀಸೆ ಬಿಟ್ಟುಬಿಟ್ಟ. ನಾನು ಬಾಗಿಲು ತೆರೆದು ಹೊರಟಾಗ ತೋಳು ಮುಟ್ಟಿ ನಿಲ್ಲಿಸಿದ. ಮೀಸೆ ಎತ್ತಿಕೊಂಡ.

“ನಿಮ್ಮ ಕೋಣೆ ಬಾಗಿಲ ಪಕ್ಕ ಗಾಜಿನ ಡಬ್ಬಿ ಇದೆಯಲ್ಲ, ಒಡೆದ್ರೆ ಹಾರನ್ ಹೊಡ್ಕೊಳ್ಳುತ್ತೆ. ನಿಲ್ಲಿಸೋ ಗುಂಡಿ ಇರೋ ಈ ಕೋಣೆ ಬೀಗದ ಕೈ ನನ್ನ ಹತ್ರ ಮಾತ್ರ ಇರೋದು. ಆ ಹೊತ್ತಲ್ಲಿ ನಾನು ಕಕ್ಕಸಲ್ಲಿ ಕೂತಿದ್ರೆ ಯಾರು ಏನು ಮಾಡೋಕಾಗುತ್ತೆ?”

ಸಂಜೆ ಗುಬ್ಬಿಗೆ ಎಲ್ಲವನ್ನೂ ಹೇಳಿದೆ. ಅವಳು ನಂಬಲಿಲ್ಲ. ನನ್ನ ಸಮಾಧಾನಕ್ಕೆ ಕತೆ ಕಟ್ಟುತ್ತಿದ್ದೀಯ ಎಂದು ಕೈ ಕೊಡವಿ ಗೋಡೆಯ ಕಡೆ ತಿರುಗಿ ಮಲಗಿದಳು. ನಮ್ಮ ಮಾತಿಗೆ ಹೀಗೊಂದು ಅನುಕೂಲ. ಮಾತು ಬೇಡವಾದರೆ ಕಣ್ಣು ಮುಚ್ಚಿದರೆ ಸಾಕು.

ಎಂಟನೇ ದಿನ ವಿಚಾರಣೆ. ನಮ್ಮ ಕೋಣೆಯಲ್ಲೇ. ಅಧಿಕಾರಿ ಬಂದ, ಬಗಲಲ್ಲಿ ಫೈಲು. ಮ್ಯಾನೇಜರ್ ಬಂದ. ಸೂಪರ್‌ವೈಸರ್ ಒಂದು ಕುರ್ಚಿ ತಂದು ಅಧಿಕಾರಿಗೆ ಹಾಕಿದ. ನಾವು ಆರು ಜನ ನಿಂತೆವು. ದೊಡ್ಡಕ್ಕ ಕೆಮ್ಮು ತಡೆಯಲು ಬಾಯಿಗೆ ದಿಂಬಿನ ಗವಸು ಒತ್ತಿಕೊಂಡಿದ್ದಳು.

ಮ್ಯಾನೇಜರ್ ರಿಜಿಸ್ಟರ್ ತೋರಿಸಿದ. ಅಧಿಕಾರಿ ಪುಟ ತಿರುವಿದ. “ಎಲ್ಲ ಸರಿ ಇದೆಯಲ್ಲ” ಎಂದ. ಆಮೇಲೆ ಮ್ಯಾನೇಜರ್ ತಪ್ಪೊಪ್ಪಿಗೆಯ ಕಾಗದವನ್ನು ಮಡಚುವ ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು ಗುಬ್ಬಿಯ ಕೈಗೆ ಕೊಟ್ಟ. ಗುಬ್ಬಿ ಬಗ್ಗಿದಳು.

ನಾನು ಪೆನ್ನು ಹಿಡಿದೆ. “ದೀಪ ಮಿಂಚಿಸಿ ತೋರಿಸಿ ಸಾರ್.”

ಮ್ಯಾನೇಜರ್ ನಕ್ಕ. “ಮೇಲೆ ಅತಿಥಿಗಳು ಊಟ ಮಾಡ್ತಿದಾರಮ್ಮ. ಸುಮ್‌ಸುಮ್ನೆ ಅಲಾರಂ ಹೊಡೆಯೋಕಾಗುತ್ತಾ? ದೀಪ ಸರಿಯಿದೆ. ನಾನೇ ಹೇಳ್ತಿದೀನಲ್ಲ.”

“ನೀವು ಹೇಳಿದ್ದು ನಮಗೆ ಕೇಳಿಸಲ್ಲ. ತೋರ್ಸಿ.”

“ಏ, ಲಾಯರಮ್ಮ, ಜಾಸ್ತಿಯಾಯ್ತು ನಿಂದು.”

ನಾನು ಅಧಿಕಾರಿಯ ಮುಖ ನೋಡಿದೆ. ಅವನು ಕೈಗಡಿಯಾರ ನೋಡಿಕೊಂಡ. “ರೆಕಾರ್ಡ್ ಇದೆಯಲ್ಲಮ್ಮ” ಎಂದ. ಅವನು ಕೆಟ್ಟವನೇನಲ್ಲ. ಅವನಿಗೂ ಊಟದ ಹೊತ್ತಾಗಿತ್ತು, ಅಷ್ಟೇ.

ಬಾಗಿಲ ಪಕ್ಕಕ್ಕೆ ನಡೆದು ಹೋದೆ. ಗಾಜಿನ ಮೇಲೆ ಮೊಣಕೈ ಇಟ್ಟು ಗುದ್ದಿದೆ. ಗಾಜು ಒಡೆಯಿತು.

ಏನೂ ಬದಲಾಗಲಿಲ್ಲ. ನನಗೆ ಮಾತ್ರ. ಅಧಿಕಾರಿ ಎರಡೂ ಕಿವಿ ಮುಚ್ಚಿಕೊಂಡು ಎದ್ದು ನಿಂತ. ಸೂಪರ್‌ವೈಸರ್ ಕುರ್ಚಿ ಎಡವಿದ. ಒಣಗಿಸುವ ಕೋಣೆಯ ಗಂಡಸರು ಬಾಗಿಲ ಮುಂದೆ ಮತ್ತೆ ಓಡಿ ಹೋದರು. ಮ್ಯಾನೇಜರ್ ನನ್ನ ಮುಖದ ಹತ್ತಿರ ಬಂದು ಕೂಗುತ್ತಿದ್ದ. ಕತ್ತಿನ ನರ ಉಬ್ಬಿತ್ತು. ಎಲ್ಲ ಆಚೆ ನಡೀರಿ, ಎಲ್ಲ ಆಚೆ.

ನಾನು ಗುಬ್ಬಿಯ ಗಲ್ಲ ಹಿಡಿದು ಅವರ ಕಡೆ ತಿರುಗಿಸಿದೆ. ‘ಅವರ ಕಿವಿ ನೋಡು. ಈಗ ಹಾರನ್ ಕೂಗ್ತಿದೆ. ಈಗ ದೀಪ ನೋಡು’ ಎಂದೆ.

ಗುಬ್ಬಿ ನೋಡಿದಳು. ಆರೂ ಜನ ನೋಡಿದೆವು. ದೀಪ ಗೋಡೆಯ ಮೇಲೆ ಕಲ್ಲಿನ ಹಾಗೆ ಕುಳಿತಿತ್ತು.

ಗುಬ್ಬಿ ಮತ್ತೆ ಅವರು ಕಿವಿ ಮುಚ್ಚಿಕೊಂಡದ್ದನ್ನು ನೋಡಿದಳು, ಮತ್ತೆ ದೀಪ ನೋಡಿದಳು. ಆಮೇಲೆ ಅವಳ ಕೈ ಎದ್ದಿತು. ನಿಧಾನವಾಗಿ, ಎರಡು ಬೆರಳು ಕಣ್ಣಿಗೆ ಮುಟ್ಟಿಸಿ, ಅಂಗೈ ಚಾಚಿದಳು: ನನ್ನ ಕಣ್ಣು ಸರಿಯಾಗಿದೆ. ಅಳುತ್ತಿದ್ದಳು, ಬೈಯುತ್ತಿದ್ದಳು, ಕೈ ನಿಲ್ಲುತ್ತಲೇ ಇರಲಿಲ್ಲ.

“ಇವಳ ಕಣ್ಣು ಸರಿಯಾಗಿದೆ!” ಎಂದು ನಾನು ಕೂಗಿದೆ. ಹಾರನ್ನಿಗಿಂತ ಜೋರಾಗಿ ಕೂಗಿದೆನೋ ಏನೋ, ಅಧಿಕಾರಿ ನನ್ನ ಕಡೆ ತಿರುಗಿದ. ಬೆರಳು ಚಾಚಿ ಅವನ ಕಣ್ಣನ್ನು ದೀಪದ ಕಡೆಗೆ ಕರೆದುಕೊಂಡು ಹೋದೆ. ಅವನು ನೋಡಿದ. ಫೈಲು ತೆರೆದ.

ಮ್ಯಾನೇಜರ್ ಫೋನ್ ಕಿವಿಗೊತ್ತಿಕೊಂಡು ಕೂಗುತ್ತಿದ್ದ. ಎತ್ತೋ ಫೋನು, ನಿಲ್ಸೋ ಅದನ್ನ, ಎಲ್ಲಿ ಹಾಳಾಗಿ ಹೋದೆ. ಅವನ ತುಟಿಯನ್ನು ಓದಲು ಯಾವ ತರಬೇತಿಯೂ ಬೇಕಿರಲಿಲ್ಲ. ತಂತಿಯಣ್ಣ ಫೋನ್ ಎತ್ತಲಿಲ್ಲ. ಮ್ಯಾನೇಜರ್ ಫೋನ್ ಜೇಬಿಗೆ ತುರುಕಿ ದೊಡ್ಡಕ್ಕನ ತೋಳು ಹಿಡಿದು ಬಾಗಿಲಿಗೆ ಎಳೆದ. ದೊಡ್ಡಕ್ಕ ತೋಳು ಬಿಡಿಸಿಕೊಂಡು, ಅಧಿಕಾರಿಗಾಗಿ ಹಾಕಿದ ಕುರ್ಚಿಯಲ್ಲಿ ಹೋಗಿ ಕುಳಿತಳು. ಉಳಿದವರು ಮೇಜಿಗೆ ಒರಗಿ ನಿಂತರು. ಯಾರೂ ಅಲುಗಲಿಲ್ಲ.

ನಾನು ತಪ್ಪೊಪ್ಪಿಗೆಯ ಕಾಗದವನ್ನು ಮಗುಚಿ ಹಾಕಿದೆ. ಹಿಂದೆ ಖಾಲಿಯಿತ್ತು. ಪೆನ್ನು ಮ್ಯಾನೇಜರ್ ಕೈಗೆ ಕೊಟ್ಟೆ.

“ಬರೀರಿ. ದೀಪ ಹತ್ತಲಿಲ್ಲ. ಇವಳ ಕಣ್ಣು ಸರಿಯಾಗಿದೆ.”

ಅವನು ಅಧಿಕಾರಿಯನ್ನು ನೋಡಿದ. ಅಧಿಕಾರಿ ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದ. ಮ್ಯಾನೇಜರ್ ಹೆಗಲನ್ನು ಕಿವಿಗೆ ಒತ್ತಿಕೊಂಡು, ಮುಖ ಕಿವುಚಿ, ಬಗ್ಗಿ ಎರಡು ಸಾಲು ಗೀಚಿದ. ಗುಬ್ಬಿ ಕಾಗದ ಎತ್ತಿಕೊಂಡು ಓದಿದಳು. ಒಂದೊಂದೇ ಅಕ್ಷರ, ಬೆರಳಿಟ್ಟು. ಮತ್ತೆ ಮೇಜಿನ ಮೇಲಿಟ್ಟು, ಎರಡನೇ ಸಾಲಿನ ಕೆಳಗೆ ಬೆರಳು ಕುಟ್ಟಿ ನನಗೆ ಹೇಳಿದಳು.

“ಆರಿಸಿದ್ದು ಯಾರು ಅಂತಾನೂ ಬರೀಬೇಕಂತೆ. ಎಷ್ಟು ತಿಂಗಳು ಅಂತಾನೂ” ಎಂದೆ.

ಮ್ಯಾನೇಜರ್ ಪೆನ್ನು ಹಿಡಿದು ನಿಂತ. ಬೆವರು ಗಲ್ಲದಿಂದ ಕಾಗದದ ಮೇಲೆ ಬಿತ್ತು. ನಾವು ಕಾದೆವು. ನಮಗೇನೂ ಅವಸರವಿರಲಿಲ್ಲ. ಆ ಸದ್ದು ನಮ್ಮನ್ನು ಏನೂ ಮಾಡುತ್ತಿರಲಿಲ್ಲ.